ಎರಡು ಪಿಸ್ತೂಲು, ಒಂದು ಅಗಳಿ

ಶಿರಹಟ್ಟಿಯ ಮೌನೇಶ ಬಡಿಗೇರ ಕಪಾಟು ಸರಿಮಾಡಿ ಬರುತ್ತೇನೆಂದು ಬೆಟಗೇರಿಗೆ ಹೋದವನು ಅವತ್ತು ಮನೆಗೆ ಮರಳಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಅವನ ಹೆಂಡತಿ ನೀಲಾಳಿಗೆ ಖಬರು ಮುಟ್ಟಿತು. ನಿನ್ನ ಗಂಡ ಸಾವಕಾರರ ತಮ್ಮನ ಮೇಲೆ ಪಿಸ್ತೂಲು ಹಾರಿಸಿದ್ದಾನೆ, ಪೊಲೀಸರು ಒಯ್ದಿದ್ದಾರೆ ಎಂದು ಬಂದವನು ಹೇಳಿದ. ನೀಲಾ ಅವನ ಮುಖವನ್ನೇ ನೋಡಿ, ನೀವು ಬೇರೆ ಯಾರದೋ ಮನೆಗೆ ಹೋಗುವುದು ಬಿಟ್ಟು ಇಲ್ಲಿಗೆ ಬಂದಿದ್ದೀರಿ ಅಂದಳಂತೆ. ದೀಪಾವಳಿಗೆ ಓಣಿಯ ಮಕ್ಕಳು ಪಟಾಕಿ ಹಚ್ಚಿದರೆ ಒಳಗೆ ಹೋಗಿ ಕದ ಹಾಕಿಕೊಳ್ಳುವ ಮನುಷ್ಯ ಅವನು. ಪಿಸ್ತೂಲನ್ನು ಸಿನಿಮಾದಲ್ಲಿ ಬಿಟ್ಟರೆ ಕಂಡವನಲ್ಲ.

ಅವನು ಕೆಲಸಕ್ಕೆ ಹೋದ ಮನೆ ವಿರೂಪಾಕ್ಷಪ್ಪ ಸಾವಕಾರರದು. ಬೆಟಗೇರಿಯಲ್ಲಿ ಸೀರೆಯ ದೊಡ್ಡ ವ್ಯಾಪಾರ. ತಂದೆ ಕಟ್ಟಿಸಿದ ಮನೆ, ತಂದೆಯೇ ಮಾಡಿಸಿದ ಸಾಗವಾನಿ ಕಪಾಟು. ಕಪಾಟಿನ ಬಾಗಿಲು ಜೋತುಬಿದ್ದು ಮುಚ್ಚದಂತಾದಾಗ ಮೌನೇಶನನ್ನು ಕರೆಸಿದ್ದರು. ಅವನು ಚೌಕಟ್ಟಿಗೆ ಉಳಿ ಹಾಕಿದ್ದನ್ನು ಕಂಡು ವಿರೂಪಾಕ್ಷಪ್ಪನವರ ತಮ್ಮ ದೇವಪ್ಪ ಸಿಟ್ಟಿಗೆದ್ದ. ಹಳೆಯ ಕೆತ್ತನೆ ಹಾಳು ಮಾಡಿದೆ ಎಂದು ಬೈದ. ಮೌನೇಶ ಕೆಲಸದಲ್ಲಿ ನಯ, ಮಾತಿನಲ್ಲಿ ಅಷ್ಟು ನಯವಿಲ್ಲ. ಅವನೂ ತಿರುಗಿ ಅಂದ. ಆ ಜಗಳ ಅಡುಗೆಮನೆಯವರೆಗೂ ಕೇಳಿಸಿತು. ಸ್ವಲ್ಪ ಹೊತ್ತಿನಲ್ಲಿ ಕೋಣೆಯೊಳಗೆ ಢಂ ಎಂದು ಸದ್ದಾಯಿತು. ಹೊಸ್ತಿಲಲ್ಲಿ ನಿಂತು ಅಂಗಳದ ಕಡೆ ಮುಖ ಮಾಡಿ ಆಳಿನೊಂದಿಗೆ ಮಾತಾಡುತ್ತಿದ್ದ ದೇವಪ್ಪ ತೊಡೆ ಹಿಡಿದುಕೊಂಡು ಕುಸಿದ. ಕುಸಿದವನು ತಿರುಗಿ ನೋಡಿದರೆ ಮೌನೇಶನ ಕೈಯಲ್ಲಿ ಪಿಸ್ತೂಲು.

ಪಿಸ್ತೂಲು ಮೊದಲು ವಿರೂಪಾಕ್ಷಪ್ಪನವರ ತಂದೆಯದಾಗಿತ್ತು, ಲೈಸೆನ್ಸು ಈಗ ಮಗನ ಹೆಸರಿಗೆ ಬಂದಿತ್ತು. ಕಳ್ಳಕಾಕರ ಭಯಕ್ಕೆ ಗುಂಡು ತುಂಬಿಯೇ ಕಪಾಟಿನ ಮೇಲಿನ ಹಲಗೆಯ ಹಿಂಬದಿಯಲ್ಲಿ ಇಡುತ್ತಿದ್ದರು. ರಿಪೇರಿಗೆಂದು ಬಟ್ಟೆಬರೆಯನ್ನೆಲ್ಲ ತೆಗೆಸಿದವರಿಗೆ ಅದೊಂದು ಮರೆತಿತ್ತು. ಮೌನೇಶ ಮೊದಲ ದಿನದಿಂದ ಹೇಳಿದ್ದು ಒಂದೇ ಮಾತು. ಹಲಗೆಯನ್ನು ಕೆಳಗಿನಿಂದ ಬಡಿದು ಕಳಚುವಾಗ ಕಪ್ಪಗಿನದೇನೋ ಜಾರಿ ಬಂತು, ಮೂತಿ ಕೆಳಗಾಗಿ ನೆಲದ ಶಹಾಬಾದ ಕಲ್ಲಿಗೆ ಬಿತ್ತು, ಬಿದ್ದ ಕೂಡಲೇ ಹಾರಿತು, ಗುಂಡು ಕಲ್ಲಿಗೆ ತಾಗಿ ಪುಟಿದು ಹೋಗಿ ಸಣ್ಣ ಸಾವಕಾರರಿಗೆ ಬಡಿಯಿತು. ತಾನು ಗಾಬರಿಯಲ್ಲಿ ಅದನ್ನು ಎತ್ತಿಕೊಂಡೆ, ಅಷ್ಟೇ. ಕಲ್ಲಿನ ಮೇಲೆ ಗುಂಡಿನ ಗುರುತು ಇತ್ತು ನಿಜ. ಆದರೆ ಕೈ ನಡುಗಿ ಗುರಿ ತಪ್ಪಿ ನೆಲಕ್ಕೆ ಹೊಡೆದ ಎಂದರೂ ಅದೇ ಗುರುತು ಸಾಕಾಗುತ್ತಿತ್ತು. ಬಿತ್ತೋ, ಹಾರಿಸಿದನೋ ಎಂಬುದೊಂದೇ ಪ್ರಶ್ನೆ.

ಅದಕ್ಕೆ ಬೆಂಗಳೂರಿನ ಪ್ರಯೋಗಾಲಯದಿಂದ ಉತ್ತರ ಬಂದುಬಿಟ್ಟಿತು. ಈ ಕಂಪನಿಯ ಈ ಮಾದರಿಯ ಪಿಸ್ತೂಲಿನೊಳಗೆ ಗುಂಡಿನ ಬುಡಕ್ಕೆ ಚುಚ್ಚುವ ಸೂಜಿಯನ್ನು ತಡೆಯುವ ಏರ್ಪಾಡು ಇದೆ, ಟ್ರಿಗರ್ ಎಳೆದ ಹೊರತು ಗುಂಡು ಹಾರುವುದಿಲ್ಲ, ಎಷ್ಟು ಎತ್ತರದಿಂದ ಬಿದ್ದರೂ ಹಾರುವುದಿಲ್ಲ ಎಂದು ತಜ್ಞರು ಬರೆದಿದ್ದರು. ಕೊಲೆಯತ್ನದ ಕೇಸು ಗಟ್ಟಿಯಾಯಿತು. ಜಾಮೀನು ಸಿಗಲಿಲ್ಲ.

ಕೇಸು ಹಿಡಿದವರು ಗದಗಿನ ಸಮೀವುಲ್ಲಾ ವಕೀಲರು. ಜಿಲ್ಲೆ ಹೊಸದಾಗಿತ್ತು. ಮೊದಲಾದರೆ ಇಂಥ ಕೇಸಿಗೆ ಧಾರವಾಡಕ್ಕೆ ಅಲೆಯಬೇಕಿತ್ತು, ಈಗ ಎಲ್ಲ ಗದಗಿನಲ್ಲೇ ಎಂಬ ಸಮಾಧಾನ ಜನರಿಗೆ. ಸಮೀವುಲ್ಲಾ ಅವರಿಗೆ ವಯಸ್ಸಾಗಿತ್ತು, ವರದಿ ಓದಿದ ಮೇಲೆ ಶಿಕ್ಷೆ ಕಡಿಮೆ ಮಾಡಿಸಿದರೆ ಅದೇ ದೊಡ್ಡದು ಎಂದು ಅವರು ತೀರ್ಮಾನಿಸಿದ್ದರು. ತಮ್ಮ ಕೈಕೆಳಗಿನ ಸಾಯಿಮಾಳಿಗೆ ಕಾಗದ ಪತ್ರಗಳನ್ನು ಕೊಟ್ಟು, ನೀನೇ ನಡೆಸು, ಅಂಥದ್ದೇನೂ ಉಳಿದಿಲ್ಲ ಅಂದರು. ಸಾಯಿಮಾ ಲಕ್ಷ್ಮೇಶ್ವರದವಳು. ತಂದೆ ಮೌಲಾಸಾಬರಿಗೆ ಅಲ್ಲಿ ಬಟ್ಟೆ ಅಂಗಡಿ. ಆ ಮನೆತನದಲ್ಲಿ ಕರಿಕೋಟು ತೊಟ್ಟ ಮೊದಲ ಹುಡುಗಿ. ದಿನಾ ಬೆಳಿಗ್ಗೆ ಬಸ್ಸಿಗೆ ಗದಗಿಗೆ ಬಂದು ಸಂಜೆ ಮರಳುತ್ತಿದ್ದಳು. ಅಲ್ಲಿಯವರೆಗೆ ಅವಳು ನಡೆಸಿದ್ದೆಲ್ಲ ಹೊಲದ ಬದುವಿನ ಜಗಳ, ಬಾಡಿಗೆ ಮನೆಯ ತಕರಾರು.

ಅವಳು ಜೈಲಿಗೆ ಹೋಗಿ ಮೌನೇಶನನ್ನು ಕಂಡಳು. ಅವನು ಸೊರಗಿದ್ದ, ಆದರೆ ಹೇಳಿದ್ದು ಮೊದಲ ದಿನದ ಮಾತೇ. ಸುಳ್ಳು ಹೇಳುವವರು ಪ್ರತಿ ಸಲ ಏನಾದರೂ ಸೇರಿಸುತ್ತಾರೆ, ಇವನು ಸೇರಿಸುವುದೂ ಇಲ್ಲ, ಬಿಡುವುದೂ ಇಲ್ಲ ಎಂದು ಅವಳಿಗೆ ಅನಿಸಿತು. ವರದಿಯನ್ನು ಓದಿ ಹೇಳಿದಾಗ ಅವನು ವಾದ ಮಾಡಲಿಲ್ಲ. ಅಷ್ಟು ಓದಿದವರು ಯಾಕೆ ಹಾಗೆ ಬರೆದರು ಎಂಬುದು ಮಾತ್ರ ತನಗೆ ತಿಳಿಯುತ್ತಿಲ್ಲ ಅಂದ. ಸಾಯಿಮಾಳಿಗೂ ತಿಳಿಯುತ್ತಿರಲಿಲ್ಲ. ಅವಳು ವರದಿಯನ್ನು ಮತ್ತೆ ಮತ್ತೆ ಓದಿದಳು. ಒಂದು ಸಲ ಓದುವಾಗ ಕಣ್ಣಿಗೆ ಬಿದ್ದದ್ದು ಇಷ್ಟು. ತಜ್ಞರು ಎಲ್ಲ ಕಡೆಯೂ ‘ಈ ಮಾದರಿಯ ಪಿಸ್ತೂಲಿನಲ್ಲಿ’ ಎಂದು ಬರೆದಿದ್ದರು. ‘ಈ ಪಿಸ್ತೂಲಿನಲ್ಲಿ’ ಎಂದು ಎಲ್ಲಿಯೂ ಬರೆದಿರಲಿಲ್ಲ.

ಪಿಸ್ತೂಲಿನ ಬಗ್ಗೆ ಅವಳಿಗೆ ಏನೂ ಗೊತ್ತಿರಲಿಲ್ಲ. ಗೊತ್ತಿದ್ದವರನ್ನು ಹುಡುಕಿಕೊಂಡು ಹುಬ್ಬಳ್ಳಿಗೆ ಹೋದಳು. ಅಲ್ಲಿ ಮಾಶಾಕಸಾಬರ ಬಂದೂಕಿನ ಅಂಗಡಿ ಇತ್ತು. ಅವರು ವರದಿಯ ಪ್ರತಿಯನ್ನು ಕನ್ನಡಕದ ಹತ್ತಿರ ಹಿಡಿದು ಓದಿದರು. ಕಂಪನಿಯ ಹೆಸರು ನೋಡಿ, ಇದನ್ನು ನಾನು ಚೆನ್ನಾಗಿ ಬಲ್ಲೆ, ಪರದೇಶದ ಕಂಪನಿ, ಈಗ ಬಾಗಿಲು ಹಾಕಿದೆ ಅಂದರು. ಪಕ್ಕದಲ್ಲಿದ್ದ ಪೇಪರಿನ ಅಂಚಿನ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದು ತೋರಿಸತೊಡಗಿದರು.

ಟ್ರಿಗರ್ ಎಳೆದರೆ ಹಿಂದಿರುವ ಸಣ್ಣ ಸುತ್ತಿಗೆ ಬೀಳುತ್ತದೆ. ಸುತ್ತಿಗೆ ಸೂಜಿಗೆ ಬಡಿಯುತ್ತದೆ. ಸೂಜಿ ಮುಂದೆ ಹೋಗಿ ಗುಂಡಿನ ಬುಡಕ್ಕೆ ಚುಚ್ಚುತ್ತದೆ, ಆಗ ಗುಂಡು ಹಾರುತ್ತದೆ. ಸೂಜಿಯ ಸುತ್ತ ಒಂದು ಸ್ಪ್ರಿಂಗ್ ಇದ್ದು ಉಳಿದ ಹೊತ್ತಿನಲ್ಲಿ ಅದನ್ನು ಹಿಂದಕ್ಕೆ ಹಿಡಿದಿರುತ್ತದೆ. ಇಷ್ಟು ಇಂಥ ಎಲ್ಲ ಪಿಸ್ತೂಲಿಗೂ ಒಂದೇ. ಆದರೆ ಪಿಸ್ತೂಲು ಮೂತಿ ಕೆಳಗಾಗಿ ಕಲ್ಲಿಗೆ ಬಿದ್ದರೆ ಪಿಸ್ತೂಲು ನಿಲ್ಲುತ್ತದೆ, ಒಳಗಿನ ಸೂಜಿ ನಿಲ್ಲುವುದಿಲ್ಲ. ಡ್ರೈವರ್ ಒಮ್ಮೆಲೇ ಬ್ರೇಕ್ ಹಾಕಿದರೆ ಬಸ್ಸಿನಲ್ಲಿ ನಿಂತವರು ಮುಂದಕ್ಕೆ ಮುಗ್ಗರಿಸುವ ಹಾಗೆ ಅದು ಮುಂದಕ್ಕೆ ನುಗ್ಗುತ್ತದೆ. ಸ್ಪ್ರಿಂಗ್ ಹಳೆಯದಾಗಿದ್ದರೆ ತಡೆಯಲಾರದು. ಕಂಪನಿಯವರು ಇದನ್ನು ಕಂಡುಕೊಂಡು, ಮುಂದೆ ಮಾಡಿದ ಪಿಸ್ತೂಲಿನೊಳಗೆ ಒಂದು ಸಣ್ಣ ಉಕ್ಕಿನ ಅಡ್ಡಗುಂಡಿಯನ್ನು ಸೇರಿಸಿದರು. ಅದು ಸೂಜಿಗೆ ಅಡ್ಡ ಕೂತಿರುತ್ತದೆ, ಟ್ರಿಗರ್ ಪೂರ್ತಿ ಎಳೆದಾಗ ಮಾತ್ರ ಪಕ್ಕಕ್ಕೆ ಸರಿಯುತ್ತದೆ.

“ಬಾಗಲಕ್ಕ ಅಗಳಿ ಇರತೈತಲ್ಲವಾ, ಹಂಗ,” ಅಂದರು ಮಾಶಾಕಸಾಬರು. “ಮೊದಲ ಮಾಡಿದವಕ್ಕ ಅಗಳಿ ಇಲ್ಲ. ಆಮ್ಯಾಲಿನವಕ್ಕ ಐತಿ. ಹೊರಗಿಂದ ನೋಡಿದ್ರ ಎರಡೂ ಒಂದ. ಹೆಸರೂ ಒಂದ. ಗಿರಾಕಿಗೋಳು ಆ ರೂಪಕ್ಕ ಒಗ್ಗಿದ್ರು ನೋಡು, ಅದಕ್ಕ ಅವರು ರೂಪ ಬದಲ ಮಾಡಲಿಲ್ಲ.”

ಬೆಟಗೇರಿಯದು ಯಾವುದು ಎಂದು ಹೇಗೆ ತಿಳಿಯುವುದು ಎಂದು ಸಾಯಿಮಾ ಕೇಳಿದಳು. ಮಾಶಾಕಸಾಬರು ಆಗದೆಂದು ತಲೆಯಾಡಿಸಿದರು. ನಂಬರ್ ನೋಡಿ ಹೇಳಬೇಕಾದ ಕಂಪನಿಯೇ ಈಗ ಇಲ್ಲ. ವಿರೂಪಾಕ್ಷಪ್ಪನವರ ತಂದೆ ಅದನ್ನು ಬೇರೆಯವರಿಂದ ಹಳೆಯದಾಗಿ ಕೊಂಡಿದ್ದರು, ಹೀಗಾಗಿ ಯಾವಾಗ ತಯಾರಾದದ್ದು ಎಂಬುದೂ ಗೊತ್ತಿಲ್ಲ. ಬಿಚ್ಚಿ ನೋಡುವುದೊಂದೇ ದಾರಿ.

ಮರುದಿನ ಬೆಳಿಗ್ಗೆಯೇ ಸಾಯಿಮಾ ಸಮೀವುಲ್ಲಾ ಅವರ ಮುಂದೆ ಎಲ್ಲ ಹೇಳಿದಳು. ಸಾಕ್ಷಿ ಹೇಳಲು ತಜ್ಞರು ಬಂದಾಗ ತುಂಬಿದ ಕೋರ್ಟಿನಲ್ಲಿ ಅವರ ಕೈಯಿಂದಲೇ ಪಿಸ್ತೂಲನ್ನು ಬಿಚ್ಚಿಸಬೇಕು ಎಂಬುದು ಅವಳ ವಿಚಾರ.

“ಬೇಟಿ, ಒಳಗ ಆ ಅಗಳಿ ಇತ್ತಂದ್ರ?” ಅಂದರು ಹಿರಿಯರು. “ಈಗರ ಅದು ಕಾಗದದ ಮ್ಯಾಲಿನ ಮಾತು, ಒಂದೀಟು ಸಂಶೇನರ ಹುಟ್ಟಿಸಬಹುದು. ನ್ಯಾಯಾಧೀಶರು ಕಣ್ಣಾರೆ ಕಂಡಮ್ಯಾಲೆ ಆ ಹುಡುಗಗ ಉಳಿಗಾಲ ಇಲ್ಲ. ನೀನ ಕೈಯಾರೆ ಒಳಗ ನೂಕಿದಂಗ ಆಗತೈತಿ.”

ಅದು ಸುಳ್ಳಲ್ಲ. ಅದಕ್ಕೇ ಅವಳು ಮತ್ತೊಮ್ಮೆ ಜೈಲಿಗೆ ಹೋದಳು. ಈ ಸಲ ನೀಲಾಳೂ ಅವಳ ಜತೆ ಇದ್ದಳು. ಗಂಡ ಜೈಲು ಸೇರಿದ ಮೇಲೆ ಹೋಗಿ ಇದ್ದ ಮುಂಡರಗಿಯ ತವರಿನಿಂದ ಮಗಳನ್ನು ಕಂಕುಳಲ್ಲಿಟ್ಟುಕೊಂಡು ನೇರ ಬಂದಿದ್ದಳು. ಸಾಯಿಮಾ ಇಬ್ಬರಿಗೂ ಬಿಡಿಸಿ ಹೇಳಿದಳು. ಸೂಜಿ, ಸ್ಪ್ರಿಂಗ್, ಅಡ್ಡಗುಂಡಿ, ಎಲ್ಲ.

“ಮೌನೇಶಣ್ಣಾ, ಒಳಗ ಆ ಅಗಳಿ ಇದ್ರ ಮುಂದ ನನ್ನ ಕಡೆ ಹೇಳಾಕ ಏನೂ ಉಳಿಯಂಗಿಲ್ಲ. ಇದು ಮಾಡೋದೋ ಬಿಡೋದೋ ನೀವ ಹೇಳ್ರಿ.”

ಮೌನೇಶ ಕಂಬಿಯ ಆಚೆ ಸ್ವಲ್ಪವೂ ತಡೆಯಲಿಲ್ಲ. “ಅಕ್ಕಾರ, ನಾ ಟ್ರಿಗರ್ ಮುಟ್ಟಿಲ್ಲ. ಮುಟ್ಟಲಾರದ ಅದು ಹಾರೇತಿ. ಅಂದಮ್ಯಾಲೆ ಒಳಗ ಅಗಳಿ ಇರಾಕ ಹೆಂಗ ಸಾಧ್ಯ ಐತ್ರಿ? ಬಿಚ್ಚಸ್ರಿ.”

ಸಾಯಿಮಾ ತಲೆ ತಗ್ಗಿಸಿದಳು. ಇಷ್ಟು ದಿನ ಅವನನ್ನು ನಂಬಿದ್ದೇನೆ ಎಂದುಕೊಂಡಿದ್ದಳು. ಪೂರ್ತಿ ನಂಬಿರಲಿಲ್ಲ ಎಂಬುದು ಆಗ ಅವಳಿಗೆ ತಿಳಿಯಿತು. ನಂಬಿದ್ದರೆ ಈ ಲೆಕ್ಕ ಅವಳಿಗೂ ಇಷ್ಟೇ ಸರಳವಾಗಿರುತ್ತಿತ್ತು. ನೀಲಾ ಮಗುವನ್ನು ಇನ್ನೊಂದು ಕಂಕುಳಿಗೆ ಬದಲಿಸಿ, ಇನ್ನೇನು ಕೇಳುವುದಿದೆ ಎಂಬಂತೆ ಅವಳ ಕಡೆ ನೋಡಿದಳು. ಹೊರಗೆ ಬಂದ ಕೂಡಲೇ ಸಾಯಿಮಾ ಅರ್ಜಿ ಬರೆದಳು. ವರದಿ ಬರೆಯುವಾಗ ತಜ್ಞರು ತಮ್ಮ ಪ್ರಯೋಗಾಲಯದ ಯಾವ ಪಿಸ್ತೂಲನ್ನು ಮುಂದಿಟ್ಟುಕೊಂಡಿದ್ದರೋ ಆ ಮಾದರಿಯನ್ನೂ ಸಾಕ್ಷಿಗೆ ಬರುವಾಗ ತರಬೇಕು ಎಂದು ಕೋರಿಕೊಂಡಳು. ಕೋರ್ಟು ಒಪ್ಪಿತು.

ಸಾಕ್ಷಿಯ ದಿನ ಚಳಿ ಇತ್ತು. ಬಸ್ಸು ಮಾಗಡಿ ದಾಟುವಾಗ ಕೆರೆಯ ಬಾತುಗಳು ಸಾಲುಗಟ್ಟಿ ಕಡಲೆ ಹೊಲಗಳ ಕಡೆ ಹಾರುತ್ತಿದ್ದವು. ಕಿಟಕಿಯ ಪಕ್ಕ ಕೂತವರೆಲ್ಲ ಕತ್ತು ಹೊರಳಿಸಿ ನೋಡಿದರು. ಸಾಯಿಮಾ ಮಾತ್ರ ಕಣ್ಣು ಮುಚ್ಚಿಕೊಂಡು ತಾನು ಕೇಳಬೇಕಾದ ಮಾತುಗಳನ್ನು ಒಂದರ ಹಿಂದೆ ಒಂದು ಜೋಡಿಸುತ್ತಿದ್ದಳು.

ಕೋರ್ಟು ತುಂಬಿತ್ತು. ಕಟಕಟೆಯ ಒಳಗೆ ಮೌನೇಶ, ಹಿಂದಿನ ಬೆಂಚಿನಲ್ಲಿ ನೀಲಾ, ಇನ್ನೊಂದು ಕಡೆ ವಿರೂಪಾಕ್ಷಪ್ಪ ಮತ್ತು ಕೋಲು ಊರಿಕೊಂಡು ಬಂದ ದೇವಪ್ಪ. ತಜ್ಞರು ನಡುವಯಸ್ಸಿನ ಶಾಂತ ಮನುಷ್ಯ. ಸರ್ಕಾರಿ ವಕೀಲರ ಪ್ರಶ್ನೆಗಳಿಗೆ ತಡವರಿಸದೆ ಉತ್ತರಿಸಿದರು. ಸಾಯಿಮಾಳ ಸರದಿ ಬಂದಾಗ ಅವಳು ಮೊದಲು ಕೇಳಿಕೊಂಡಿದ್ದು ಎರಡೂ ಪಿಸ್ತೂಲುಗಳನ್ನು ನ್ಯಾಯಾಧೀಶರ ಮುಂದಿನ ಮೇಜಿನ ಮೇಲೆ ಇಡಬೇಕು ಎಂದು. ಗುಂಡಿಲ್ಲ ಎಂಬುದನ್ನು ತಜ್ಞರು ತೆರೆದು ತೋರಿಸಿ, ಅಕ್ಕಪಕ್ಕದಲ್ಲಿ ಇಟ್ಟರು. ಒಂದೇ ಉದ್ದ, ಒಂದೇ ಕಪ್ಪು, ಹಿಡಿಕೆಯ ಮೇಲೆ ಒಂದೇ ಗೀರು ಗೀರಿನ ಕೆತ್ತನೆ. ಕೊರಳಿಗೆ ಕಟ್ಟಿದ ಚೀಟಿ ಇಲ್ಲದಿದ್ದರೆ ಯಾವುದು ಬೆಟಗೇರಿಯದು, ಯಾವುದು ಬೆಂಗಳೂರಿನದು ಎಂದು ತಮಗೂ ಹೇಳಲಾಗದು ಎಂದು ನ್ಯಾಯಾಧೀಶರು ಅಂದರು.

“ಸೂಜಿಗೆ ತಡೆ ಇರುವುದನ್ನು ನೀವು ಯಾವ ಪಿಸ್ತೂಲಿನಲ್ಲಿ ಕಂಡಿರಿ?” ಸಾಯಿಮಾ ಕೇಳಿದಳು.

“ನಮ್ಮಲ್ಲಿರುವ ಮಾದರಿಯಲ್ಲಿ.”

“ಬೆಟಗೇರಿಯಲ್ಲಿ ಸಿಕ್ಕ ಪಿಸ್ತೂಲಿನ ಆ ಭಾಗವನ್ನು ಬಿಚ್ಚಿ ನೋಡಿದ್ದೀರಾ?”

ಅದನ್ನು ಹಾರಿಸಿ ನೋಡಿದ್ದೇನೆ, ಗುಂಡಿನ ಗೆರೆಗಳನ್ನು ಹೋಲಿಸಿದ್ದೇನೆ, ಟ್ರಿಗರ್ ಎಳೆಯಲು ಎಷ್ಟು ಬಲ ಬೇಕೆಂದು ಅಳೆದಿದ್ದೇನೆ, ಪಕ್ಕದ ಸೇಫ್ಟಿ ಕೀಲಿಯನ್ನೂ ಪರೀಕ್ಷಿಸಿದ್ದೇನೆ ಅಂದರು ತಜ್ಞರು. ಆ ಭಾಗವನ್ನು ಮಾತ್ರ ಬಿಚ್ಚಿಲ್ಲ. ಒಂದೇ ಮಾದರಿ ಆದ್ದರಿಂದ ಬೇಕೆನಿಸಲಿಲ್ಲ. ಪಕ್ಕದ ಕೀಲಿ ಸೂಜಿಯನ್ನು ತಡೆಯುತ್ತದೆಯೇ ಎಂದು ಸಾಯಿಮಾ ಕೇಳಿದಳು. ಇಲ್ಲ, ಅದು ಸುತ್ತಿಗೆಯನ್ನು ಹಿಡಿಯುತ್ತದೆ, ಸೂಜಿಯನ್ನಲ್ಲ ಎಂದು ತಜ್ಞರು ಪ್ರಾಮಾಣಿಕವಾಗಿ ಹೇಳಿದರು.

“ಹಾಗಾದರೆ ಎರಡನ್ನೂ ಇಲ್ಲೇ ಬಿಚ್ಚಿ ತೋರಿಸಿ,” ಅಂದಳು ಸಾಯಿಮಾ.

ಸರ್ಕಾರಿ ವಕೀಲರು ಎದ್ದು ಆಕ್ಷೇಪಿಸಿದರು. ಕೋರ್ಟು ವರ್ಕ್‌ಶಾಪ್ ಅಲ್ಲ ಅಂದರು. ನ್ಯಾಯಾಧೀಶರು ಸ್ವಲ್ಪ ಯೋಚಿಸಿ, ಒಬ್ಬ ಮನುಷ್ಯ ಈ ಒಂದು ಮಾತಿನ ಮೇಲೆ ಒಳಗಿದ್ದಾನೆ, ನೋಡೋಣ ಎಂದು ಆಕ್ಷೇಪವನ್ನು ಬದಿಗಿಟ್ಟರು. ಸಮೀವುಲ್ಲಾ ಕುರ್ಚಿಯ ತುದಿಗೆ ಸರಿದು ಕೂತರು.

ತಜ್ಞರು ಮೊದಲು ತಾವು ತಂದ ಮಾದರಿಯನ್ನು ಬಿಚ್ಚಿದರು. ಮೇಲಿನ ಉಕ್ಕಿನ ಕವಚವನ್ನು ಹಳಿಯಿಂದ ಜಾರಿಸಿ ತೆಗೆದು, ಅಂಗಾತ ಹಿಡಿದು ನ್ಯಾಯಾಧೀಶರ ಹತ್ತಿರ ಒಯ್ದರು. ಒಳಗೆ ಸೂಜಿಯ ದಾರಿಯ ಪಕ್ಕದಲ್ಲಿ ಉದ್ದಿನ ಕಾಳಿನಷ್ಟು ದೊಡ್ಡ ಗುಂಡಿಯೊಂದು ಹೊಳೆಯುತ್ತಿತ್ತು. ತಜ್ಞರು ಸೂಜಿಯ ಹಿಂದಿನ ತುದಿಯನ್ನು ಬಾಲ್‌ಪೆನ್ನಿನಿಂದ ಒತ್ತಿದರು. ಅದು ಮಿಸುಕಲಿಲ್ಲ. ಗುಂಡಿಯನ್ನು ಉಗುರಿನಿಂದ ಅದುಮಿ ಹಿಡಿದು ಮತ್ತೆ ಒತ್ತಿದರು. ಈ ಸಲ ಮುಂದಿನ ತೂತಿನಿಂದ ಸೂಜಿಯ ಮೊನೆ ಹೊರಗೆ ಇಣುಕಿತು. ನ್ಯಾಯಾಧೀಶರು ತಾವೂ ಪೆನ್ನು ತೆಗೆದುಕೊಂಡು ಹಾಗೇ ಮಾಡಿ ನೋಡಿದರು.

ಆಮೇಲೆ ಬೆಟಗೇರಿಯ ಪಿಸ್ತೂಲು. ಅದರ ಕವಚ ಸ್ವಲ್ಪ ಬಿಗಿಯಾಗಿತ್ತು, ಎರಡು ಸಲ ಎಳೆಯಬೇಕಾಯಿತು. ತಜ್ಞರು ಅದನ್ನು ಅಂಗಾತ ಮಾಡಿ ನೋಡಿದರು. ಕಿಟಕಿಯ ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದರು. ಅವರ ಮುಖದ ಮೇಲೆ ಏನೂ ಕಾಣಿಸಲಿಲ್ಲ. ತಜ್ಞರು ಪೆನ್ನು ತೆಗೆದುಕೊಂಡು ಸೂಜಿಯ ಹಿಂದಿನ ತುದಿಯನ್ನು ಮೆಲ್ಲಗೆ ಒತ್ತಿದರು.

ಮೊನೆ ಹೊರಗೆ ಬಂತು. ಪೆನ್ನು ತೆಗೆದರೆ ಒಳಗೆ, ಒತ್ತಿದರೆ ಹೊರಗೆ. ಏನೂ ತಡೆಯಲಿಲ್ಲ.

“ಇದರಲ್ಲಿ ಆ ಗುಂಡಿ ಇಲ್ಲ,” ಅಂದರು ತಜ್ಞರು. “ಆ ಗುಂಡಿ ಕೂರಲು ಜಾಗವನ್ನೂ ಕೊರೆದಿಲ್ಲ. ಇದು ಮೊದಲಿನ ತಯಾರಿಕೆ. ಸೂಜಿಯ ಸ್ಪ್ರಿಂಗ್ ಕೂಡ ಸೋತಿದೆ. ಸ್ವಾಮಿ, ಬಿದ್ದರೆ ಹಾರುವುದಿಲ್ಲ ಎಂದು ನಾನು ಬರೆದದ್ದು ಈ ಪಿಸ್ತೂಲಿಗೆ ಅನ್ವಯಿಸುವುದಿಲ್ಲ. ನನ್ನ ವರದಿ ತಪ್ಪು.”

ಹಿಂದಿನ ಬೆಂಚಿನಲ್ಲಿ ಗುಜುಗುಜು ಎದ್ದಿತು. ಮೌನೇಶ ಕಟಕಟೆಯ ಕಟ್ಟಿಗೆಯನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದು ನಿಂತಿದ್ದ. ಅಳುತ್ತಿರಲಿಲ್ಲ, ನಗುತ್ತಿರಲಿಲ್ಲ, ನೀಲಾಳನ್ನೇ ನೋಡುತ್ತಿದ್ದ.

ಸರ್ಕಾರಿ ವಕೀಲರು ಸುಲಭವಾಗಿ ಬಿಡಲಿಲ್ಲ. ಬಿದ್ದರೆ ಹಾರಬಹುದು ಎಂಬುದು ಬೇರೆ, ಆ ಎತ್ತರದಿಂದ ಬಿದ್ದು ಹಾರಿತು ಎಂಬುದು ಬೇರೆ ಅಂದರು. ಅದು ನ್ಯಾಯದ ಮಾತೇ ಆಗಿತ್ತು. ತಜ್ಞರು ಅದನ್ನು ಒಪ್ಪಿಕೊಂಡು, ತಪ್ಪು ತನ್ನಿಂದ ಆಗಿದೆ, ಪರೀಕ್ಷೆಯನ್ನೂ ತಾನೇ ಎಲ್ಲರ ಕಣ್ಣೆದುರು ಮಾಡುತ್ತೇನೆ, ಅವಕಾಶ ಕೊಡಿ ಎಂದು ಕೇಳಿಕೊಂಡರು. ನ್ಯಾಯಾಧೀಶರು ಮುಂದಿನ ವಾರಕ್ಕೆ ದಿನ ಗೊತ್ತು ಮಾಡಿದರು.

ಪರೀಕ್ಷೆ ನಡೆದದ್ದು ಗದಗಿನ ಪೊಲೀಸ್ ಮೈದಾನದಲ್ಲಿ, ಬೆಳಿಗ್ಗೆ. ವಿರೂಪಾಕ್ಷಪ್ಪನವರ ಮನೆಯ ನೆಲದಂಥದೇ ಶಹಾಬಾದ ಕಲ್ಲೊಂದನ್ನು ತಂದು ಹಾಸಿದ್ದರು. ಕಪಾಟಿನ ಮೇಲಿನ ಹಲಗೆ ಎಷ್ಟು ಎತ್ತರವಿತ್ತೋ ಅಷ್ಟಕ್ಕೆ ಅಗಲವಾದ ಪ್ಲಾಸ್ಟಿಕ್ ಪೈಪನ್ನು ನೆಟ್ಟಗೆ ಕಟ್ಟಿದ್ದರು, ಅದರೊಳಗಿಂದ ಬಿಟ್ಟರೆ ಪಿಸ್ತೂಲು ಮೂತಿ ಕೆಳಗಾಗಿಯೇ ಬೀಳಬೇಕು. ಪಿಸ್ತೂಲಿನೊಳಗೆ ಮದ್ದೂ ಇಲ್ಲದ, ಗುಂಡೂ ಇಲ್ಲದ ಬರಿಯ ಹಿತ್ತಾಳೆ ಕೋಶ. ಅದರ ಬುಡದಲ್ಲಿ ಚಿಟಿಕೆಯಷ್ಟು ಸಿಡಿಯುವ ಕ್ಯಾಪು ಮಾತ್ರ. ಸೂಜಿ ಜೋರಾಗಿ ಚುಚ್ಚಿದರೆ ಅದು ಸಿಡಿಯುತ್ತದೆ, ಯಾರಿಗೂ ಅಪಾಯವಿಲ್ಲ ಎಂದು ತಜ್ಞರು ವಿವರಿಸಿದರು. ನ್ಯಾಯಾಧೀಶರು ಕುರ್ಚಿ ಬೇಡವೆಂದು ನಿಂತೇ ಇದ್ದರು. ಮೌನೇಶನನ್ನು ಇಬ್ಬರು ಪೊಲೀಸರು ಕರೆತಂದಿದ್ದರು. ನೀಲಾ ಮತ್ತು ಮೌನೇಶನ ತಾಯಿ ಹನಮಂತವ್ವ ತಂತಿ ಬೇಲಿಯ ಹೊರಗೆ ನಿಂತಿದ್ದರು.

ಮೊದಲು ಬೆಂಗಳೂರಿನ ಮಾದರಿಯನ್ನು ಬಿಟ್ಟರು. ಅದು ಕಲ್ಲಿಗೆ ಠಣ್ ಎಂದು ಬಿದ್ದು ಮಗುಚಿತು. ಕೋಶ ತೆಗೆದು ನೋಡಿದರೆ ಕ್ಯಾಪಿನ ಮೇಲೆ ಒಂದು ಗೀರೂ ಇಲ್ಲ. ಮತ್ತೆ ಬಿಟ್ಟರು, ಪೈಪನ್ನು ಇನ್ನಷ್ಟು ಎತ್ತರಿಸಿ ಬಿಟ್ಟರು. ಅಗಳಿ ತನ್ನ ಕೆಲಸ ಮಾಡಿತು, ಏನೂ ಆಗಲಿಲ್ಲ.

ಬೆಟಗೇರಿಯ ಪಿಸ್ತೂಲು ಮೊದಲ ಸಲ ಬಿದ್ದಾಗಲೂ ಸದ್ದಾಗಲಿಲ್ಲ. ಸರ್ಕಾರಿ ವಕೀಲರು ಕನ್ನಡಕ ಸರಿಮಾಡಿಕೊಂಡರು. ತಜ್ಞರು ಕೋಶ ತೆಗೆದು ನ್ಯಾಯಾಧೀಶರಿಗೆ ಕೊಟ್ಟರು. ಕ್ಯಾಪಿನ ನಟ್ಟನಡುವೆ ಒಂದು ಸಣ್ಣ ತಗ್ಗು ಬಿದ್ದಿತ್ತು. ಸೂಜಿ ಬಂದು ಮುಟ್ಟಿ ಹೋಗಿತ್ತು. ನ್ಯಾಯಾಧೀಶರು ಅದರ ಮೇಲೆ ಹೆಬ್ಬೆರಳು ಸವರಿ, ಇನ್ನೊಮ್ಮೆ ಅಂದರು. ಹೊಸ ಕೋಶ ಹಾಕಿದರು. ಪಿಸ್ತೂಲು ಪೈಪಿನೊಳಗೆ ಜಾರಿತು.

ಟಪ್ ಎಂದು ಸಿಡಿಯಿತು.

ಮೈದಾನದ ಬೇವಿನ ಮರದಿಂದ ಗುಬ್ಬಿಗಳು ಎದ್ದವು. ಮೌನೇಶ ಬೆಚ್ಚಿಬಿದ್ದ, ಅವನ ಪಕ್ಕದ ಪೊಲೀಸನೂ ಬೆಚ್ಚಿಬಿದ್ದ. ಮೂತಿಯಿಂದ ಸಣ್ಣಗೆ ಹೊಗೆ ಎದ್ದು ಕಲ್ಲಿನ ಮೇಲೆ ಹರಡಿತು. ಟ್ರಿಗರಿನ ಹತ್ತಿರ ಯಾರ ಬೆರಳೂ ಇರಲಿಲ್ಲ. ಇನ್ನೊಂದು ಕೋಶ ಹಾಕಿ ಅದನ್ನು ಮತ್ತೆ ಬಿಟ್ಟರು, ಮತ್ತೆ ಸಿಡಿಯಿತು. ಸಾಕು ಎಂದು ನ್ಯಾಯಾಧೀಶರು ಕೈಯೆತ್ತಿದರು. ಬೇಲಿಯಾಚೆ ಹನಮಂತವ್ವ ಸೊಸೆಯ ಕೈಹಿಡಿದು, ಏನಾಯಿತು, ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುತ್ತಿದ್ದಳು. ಸಾಯಿಮಾ ಕರಿಕೋಟಿನಲ್ಲೇ ಬೇಲಿಯ ತನಕ ಓಡಿಹೋದಳು.

“ಗೆದ್ದಿವಿ ಅಮ್ಮಾ,” ಅಂದಳು. “ನಿಮ್ಮ ಮಗ ಹೇಳಿದ್ದೆಲ್ಲಾ ಖರೆ ಐತಿ.”

ತೀರ್ಪಿನ ದಿನ ಬಹಳ ಹೊತ್ತು ಹಿಡಿಯಲಿಲ್ಲ. ಸರ್ಕಾರಿ ವಕೀಲರು ತಮ್ಮ ಕಡೆಯಿಂದ ಹೆಚ್ಚಿಗೆ ಹೇಳುವುದೇನೂ ಇಲ್ಲ ಅಂದರು. ಮೌನೇಶ ನಿರ್ದೋಷಿ, ಈ ಕ್ಷಣದಿಂದ ಸ್ವತಂತ್ರ ಎಂದು ನ್ಯಾಯಾಧೀಶರು ಓದಿದರು. ಒಂದೇ ಹೆಸರು, ಒಂದೇ ರೂಪ ಇದ್ದ ಮಾತ್ರಕ್ಕೆ ಎರಡು ವಸ್ತು ಒಂದಾಗುವುದಿಲ್ಲ ಎಂಬುದನ್ನು ಆರೋಪಿಯ ಪರ ವಕೀಲರು ಈ ನ್ಯಾಯಾಲಯಕ್ಕೆ ಕಣ್ಣಾರೆ ತೋರಿಸಿದ್ದಾರೆ ಎಂದೂ ತೀರ್ಪಿನಲ್ಲಿ ಬರೆದಿದ್ದರು. ಸಮೀವುಲ್ಲಾ ಎದ್ದು ಬಂದು ಸಾಯಿಮಾಳ ತಲೆಯ ಮೇಲೆ ಕೈಯಿಟ್ಟರು. ತಾನಾಗಿದ್ದರೆ ಬಿಚ್ಚಿಸುತ್ತಿರಲಿಲ್ಲ, ಅವನು ಒಳಗೇ ಉಳಿಯುತ್ತಿದ್ದ ಎಂದು ಎಲ್ಲರಿಗೂ ಕೇಳಿಸುವಂತೆ ಹೇಳಿದರು.

ಕೋರ್ಟಿನ ಮೆಟ್ಟಿಲ ಹತ್ತಿರ ದೇವಪ್ಪ ಕೋಲು ಊರಿಕೊಂಡು ಕಾಯುತ್ತಿದ್ದ. ನೀಲಾ ಅವನನ್ನು ಕಂಡು ಗಂಡನನ್ನು ಬೇರೆ ಕಡೆ ಎಳೆಯಲು ನೋಡಿದಳು. ಮೌನೇಶ ನಿಂತ.

“ನಾ ಬೆನ್ನ ಹಾಕಿ ನಿಂತಿದ್ನಿ,” ಅಂದ ದೇವಪ್ಪ. “ನೀ ಹೊಡದಿದ್ದು ನೋಡಿದ್ದಿಲ್ಲ. ನಿನ್ನ ಕೈಯಾಗ ಪಿಸ್ತೂಲ್ ನೋಡಿದ್ನಿ, ಹೊಡದಿ ಅಂತ ಹೇಳಿಬಿಟ್ನಿ. ತಪ್ಪಾತು.”

ಮೌನೇಶ ಅವನ ಕಾಲಿನ ಕಡೆ ನೋಡಿದ. “ನೋವು ಈಗರ ಕಡಿಮಿ ಐತೇನ್ರಿ?” ಎಂದು ಕೇಳಿದ. ದೇವಪ್ಪ ಹೌದೆಂದು ತಲೆಯಾಡಿಸಿದ. ವಿರೂಪಾಕ್ಷಪ್ಪನವರು ದೂರದಲ್ಲೇ ಕೈಮುಗಿದರು. ಗುಂಡು ತುಂಬಿ ಮರೆತವರು ಅವರು. ಅದನ್ನು ಅವರೇ ಸಾಕ್ಷಿಯಲ್ಲಿ ಒಪ್ಪಿಕೊಂಡಿದ್ದರು.

ಸಂಜೆಯ ಬಸ್ಸಿಗೆ ಎಲ್ಲರೂ ಒಟ್ಟಿಗೆ ಹೊರಟರು. ಸಾಯಿಮಾ ಶಿರಹಟ್ಟಿಯಲ್ಲಿ ಬಸ್ಸು ಬದಲಿಸಿ ಲಕ್ಷ್ಮೇಶ್ವರಕ್ಕೆ ಹೋಗುವವಳಿದ್ದಳು. ಆದರೆ ಖಬರು ಬಸ್ಸಿಗಿಂತ ಮೊದಲೇ ಶಿರಹಟ್ಟಿ ಮುಟ್ಟಿತ್ತು. ನಿಲ್ದಾಣದಲ್ಲಿ ಬಡಿಗೇರ ಓಣಿಯ ಜನ, ನೆಂಟರು, ಮೌನೇಶನಿಂದ ಬಾಗಿಲು, ಕಿಟಕಿ, ತೊಟ್ಟಿಲು ಮಾಡಿಸಿಕೊಂಡವರು ಎಲ್ಲ ನೆರೆದಿದ್ದರು. ಯಾರೋ ಹಲಗೆ ವಾದ್ಯ ಬಾರಿಸುತ್ತಿದ್ದರು. ಮೌನೇಶ ಇಳಿಯುವಷ್ಟರಲ್ಲಿ ನಾಲ್ಕಾರು ಕೈಗಳು ಅವನನ್ನು ಎತ್ತಿಯೇ ಬಿಟ್ಟವು. ಅವನು ಮೇಲಿನಿಂದಲೇ, ಮೊದಲು ಅಕ್ಕಾರನ್ನು ಎತ್ತಿರಿ, ನನ್ನನ್ನಲ್ಲ ಎಂದು ಕೂಗುತ್ತಿದ್ದ. ಹೆಂಗಸರು ಸಾಯಿಮಾಳನ್ನು ಸುತ್ತುವರಿದರು, ಕುಂಕುಮದ ಬಟ್ಟಲು ಹಿಡಿದವರು ಮಾತ್ರ ಇವಳಿಗೆ ಹಚ್ಚಬೇಕೋ ಬೇಡವೋ ಎಂದು ತಡೆದರು. ಅವಳೇ ನಗುತ್ತ ಮಲ್ಲಿಗೆ ಕೊಡ್ರಿ ಅಂದಾಗ ಒಬ್ಬಳು ಮೊಳ ಹೂವು ಮುಡಿಸಿದಳು.

ಮನೆಯ ಮುಂದೆ ಚಾಪೆ ಹಾಸಿ ಊಟಕ್ಕೆ ಕೂರಿಸಿದರು. ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ, ಮೇಲೆ ಗೋಧಿ ಹುಗ್ಗಿ. ಸಾಯಿಮಾ ಬಸ್ಸು ತಪ್ಪುತ್ತದೆ ಎಂದು ಏಳುತ್ತಿದ್ದಳು, ಹನಮಂತವ್ವ ಭುಜ ಅದುಮಿ ಕೂರಿಸಿ ಮತ್ತೆ ಹುಗ್ಗಿ ಬಡಿಸುತ್ತಿದ್ದಳು. ಓಣಿಯ ಒಬ್ಬ ಹಿರಿಯ ನಿಲ್ದಾಣಕ್ಕೆ ಹೋಗಿ ಬಂದು, ಲಕ್ಷ್ಮೇಶ್ವರದ ಬಸ್ಸಿನ ಡ್ರೈವರ್ ಎಲ್ಲ ಕೇಳಿಕೊಂಡಿದ್ದಾನೆ, ವಕೀಲಬಾಯಾರು ಉಂಡು ಕೈತೊಳೆದು ಬರುವ ತನಕ ಗಾಡಿ ಬಿಡುವುದಿಲ್ಲ ಅಂದಿದ್ದಾನೆ, ಒಳಗೆ ಕೂತವರೂ ಆಗಲಿ ಅಂದಿದ್ದಾರೆ ಎಂದು ತಿಳಿಸಿದ.

ಸಾಯಿಮಾ ಚಾಪೆಯ ಮೇಲೆ ಸರಿಯಾಗಿ ಕೂತು, ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡಳು.